ಆಫೀಸಿಗೂ ಆಗಬೇಕು, ತೋಟದ ದಾರಿಗೂ ಆಗಬೇಕು

ಒಂದೇ ಬೈಕು ಅನ್ನೋದು ಮೊದಲೇ ತೀರ್ಮಾನವಾಗಿತ್ತು. ಉತ್ತರಹಳ್ಳಿಯ ನಮ್ಮ ಬಾಡಿಗೆ ಮನೆ ಕೆಳಗೆ ಎರಡು ಗಾಡಿ ನಿಲ್ಲಿಸಲು ಜಾಗ ಇಲ್ಲ. ಎರಡು ಗಾಡಿಗೆ ಇನ್ಶೂರೆನ್ಸ್, ಸರ್ವೀಸ್ ಅಂತ ಖರ್ಚು ಮಾಡುವ ಮನಸ್ಸೂ ಇರಲಿಲ್ಲ. ವಾರದ ದಿನಗಳಲ್ಲಿ ಕೋಣನಕುಂಟೆ ಕ್ರಾಸ್, ಗೊಟ್ಟಿಗೆರೆ, ಬೇಗೂರು ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗಬೇಕು. ಭಾನುವಾರ ಬಿಡುವಾದರೆ ಕನಕಪುರ, ಮಾಗಡಿ ಕಡೆಯ ಮಣ್ಣುದಾರಿ ಬೇಕು. ಆಗಾಗ ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಊರಿಗೂ ಹೋಗಬೇಕು. ಅಲ್ಲಿ ಟಾರು ರಸ್ತೆ ಮುಗಿದ ಮೇಲೆ ಮನೆ ಬಾಗಿಲವರೆಗೂ ಕಾಫಿ ತೋಟದ ದಾರಿ. ಮಳೆಗಾಲದಲ್ಲಿ ಆ ದಾರಿ ಅರ್ಧ ಕೆಸರು, ಅರ್ಧ ಪಾಚಿ ಹಿಡಿದ ಕಲ್ಲು.

ಇಂಥ ಕೆಲಸಕ್ಕೆ ಹೇಳಿ ಮಾಡಿಸಿದ ಗಾಡಿಗಳನ್ನೇ ಡ್ಯುಯಲ್ ಸ್ಪೋರ್ಟ್ ಅನ್ನುತ್ತಾರೆ. ನಂಬರ್ ಪ್ಲೇಟ್, ಇಂಡಿಕೇಟರ್, ಕನ್ನಡಿ ಎಲ್ಲಾ ಇದ್ದು ರಸ್ತೆಗೆ ಕಾನೂನುಬದ್ಧ. ಜೊತೆಗೆ ದೊಡ್ಡ ಮುಂದಿನ ಚಕ್ರ, ಉದ್ದನೆಯ ಸಸ್ಪೆನ್ಶನ್, ನೆಲದಿಂದ ಎತ್ತರದಲ್ಲಿರುವ ಹೊಟ್ಟೆ. ಕೆಲವು ವರ್ಷಗಳ ಹಿಂದೆ ನಮ್ಮ ದೇಶದಲ್ಲಿ ಇಂಥ ಗಾಡಿ ಬೇಕು ಅಂದರೆ ಆಯ್ಕೆಯೇ ಇರಲಿಲ್ಲ. 2011ರಲ್ಲಿ ಹೀರೋ ಇಂಪಲ್ಸ್ ಬಂತು, 150 ಸಿಸಿ. ಜನ ಅದನ್ನು ಅರ್ಥ ಮಾಡಿಕೊಳ್ಳುವ ಮೊದಲೇ ಮಾರುಕಟ್ಟೆಯಿಂದ ಹೋಯಿತು. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬಂತು, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200 ಬಂತು. ಅಲ್ಲಿಂದ ಮುಂದೆ ಕತೆಯೇ ಬದಲಾಯಿತು. ನಾನು ಹುಡುಕಲು ಶುರು ಮಾಡಿದ್ದು 2025ರ ಕೊನೆಯಲ್ಲಿ. ಅಷ್ಟರಲ್ಲಿ ಆಯ್ಕೆ ಎಷ್ಟು ಜಾಸ್ತಿಯಾಗಿತ್ತು ಅಂದರೆ ಯಾವುದನ್ನು ಬಿಡಬೇಕು ಅನ್ನೋದೇ ಚಿಂತೆಯಾಯಿತು.

ಯಾರನ್ನು ಕೇಳಿದರೂ ಮೊದಲು ಬರುತ್ತಿದ್ದ ಮಾತು ಪವರ್ ಬಗ್ಗೆ. "ಇನ್ನೂರು ಸಿಸಿ ಹೈವೇಗೆ ಸಾಲಲ್ಲ, ದೊಡ್ಡದೇ ತಗೋ" ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದರು. ಹಿಮಾಲಯನ್ 450 ಅವರ ಮೊದಲ ಹೆಸರು. 452 ಸಿಸಿ, 40 ಪಿಎಸ್ (ಇಂಜಿನ್ ಶಕ್ತಿಯ ಅಳತೆ), 17 ಲೀಟರ್ ಟ್ಯಾಂಕು. ಲಡಾಖ್‌ಗೆ ಹೋಗುವವರಿಗೆ, ದಿನವಿಡೀ ಹೈವೇಯಲ್ಲಿ ಓಡಿಸುವವರಿಗೆ ಒಳ್ಳೇ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಗಾಡಿ ಓಡಿಸುವ ಸಮಯದಲ್ಲಿ ಬಹುಪಾಲು ಹೋಗೋದು ಬೇಗೂರು ರಸ್ತೆಯಲ್ಲಿ, ಒಂದನೇ ಗೇರು ಎರಡನೇ ಗೇರಿನಲ್ಲಿ. ಹೈವೇ ಅಂದರೆ ನೆಲಮಂಗಲದಿಂದ ಹಾಸನದವರೆಗೆ, ಅದೂ ತಿಂಗಳಿಗೊಮ್ಮೆ. ಮೈಸೂರು ಎಕ್ಸ್‌ಪ್ರೆಸ್‌ವೇ ಮಾತು ಎತ್ತುವವರಿಗೆ ಇನ್ನೊಂದು ವಿಷಯ. ಅದರ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. ನಾವು ಹೋಗಬೇಕಾದ್ದು ಸರ್ವೀಸ್ ರಸ್ತೆಯಲ್ಲಿ. ಅಲ್ಲಿ 40 ಪಿಎಸ್ ಇಟ್ಟುಕೊಂಡು ಏನು ಮಾಡೋದು?

ಹಾಗಾಗಿ ಪವರ್ ಲೆಕ್ಕವನ್ನು ಬದಿಗಿಟ್ಟು ತೂಕದ ಲೆಕ್ಕ ಶುರು ಮಾಡಿದೆ. ಇದಕ್ಕೆ ಊರಿನ ಅನುಭವವೂ ಕಾರಣ. ನಮ್ಮ ಕಡೆ ತೋಟಗಳಲ್ಲಿ ವರ್ಷಾನುಗಟ್ಟಲೆ ಓಡಿದ್ದು ಯಾವ ಗಾಡಿ? ಯಮಹಾ ಆರ್‌ಎಕ್ಸ್ 100, ಟಿವಿಎಸ್ ಎಕ್ಸ್‌ಎಲ್. ಅವುಗಳಲ್ಲಿ ಉದ್ದನೆಯ ಸಸ್ಪೆನ್ಶನ್ ಇಲ್ಲ, 21 ಇಂಚಿನ ಚಕ್ರ ಇಲ್ಲ. ಆದರೂ ಗೊಬ್ಬರದ ಮೂಟೆ ಹೇರಿಕೊಂಡು ಕೆಸರಲ್ಲಿ ಏರು ಹತ್ತಿದವು. ಆರ್‌ಎಕ್ಸ್ ತೂಕ ನೂರು ಕೆಜಿ ಆಸುಪಾಸು. ಸಿಕ್ಕಿಹಾಕಿಕೊಂಡರೆ ಇಬ್ಬರು ಹಿಡಿದು ಎತ್ತಿ ಪಕ್ಕಕ್ಕಿಡಬಹುದು. ನಮ್ಮ ಮಾವ ಅದನ್ನು ಒಬ್ಬರೇ ಎಳೆದು ಈಚೆ ತರುತ್ತಿದ್ದರು. ಕೆಸರಿನಲ್ಲಿ ಹಗುರ ಗಾಡಿಯ ಬೆಲೆ ಏನು ಅಂತ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಗಾಡಿ ಕೊಳ್ಳುವ ಮೊದಲು ಬೆಂಗಳೂರಿನ ಹೊರಗೆ ಒಂದು ಆಫ್‌ರೋಡ್ ತರಬೇತಿಗೆ ಹೋದೆ. ನಮ್ಮ ಬೆಂಗಳೂರಿನ ಬೈಕ್ ರೇಸರ್ ಸಿ.ಎಸ್. ಸಂತೋಷ್ 2015ರಲ್ಲಿ ದಿನಗಟ್ಟಲೆ ನಡೆಯುವ ಆಫ್‌ರೋಡ್ ರೇಸ್ ಆದ ಡಕಾರ್ ರ‍್ಯಾಲಿ ಪೂರ್ತಿ ಮಾಡಿದ ಮೊದಲ ಭಾರತೀಯರಾದರು. ಅದಾದ ಮೇಲೆ ಈ ಕಡೆ ಇಂಥ ತರಬೇತಿಗೆ ಬರುವವರು ಜಾಸ್ತಿಯಾಗಿದ್ದಾರೆ. ಅಲ್ಲಿ ಮೊದಲು ಕಲಿಸಿದ್ದು ಓಡಿಸೋದನ್ನಲ್ಲ, ಬಿದ್ದ ಗಾಡಿ ಎತ್ತೋದನ್ನು. ಮೊದಲು ಇಂಜಿನ್ ಆಫ್. ಗಾಡಿ ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ಹೊರಗೆ ಎಳೆದಿಡಬೇಕು. ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆ ಮತ್ತೆ ಬೀಳುತ್ತದೆ. ಗಾಡಿ ಉರುಳದಂತೆ ಒಂದನೇ ಗೇರಿನಲ್ಲಿರಬೇಕು. ಆಮೇಲೆ ಗಾಡಿಗೆ ಬೆನ್ನು ಕೊಟ್ಟು ಕೂತು, ಸೊಂಟವನ್ನು ಸೀಟಿಗೆ ಒತ್ತಿ, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಹಿಂದಿನ ಗ್ರಾಬ್ ರೈಲ್ ಹಿಡಿದು, ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಬೇಕು. ಭಾರ ಎತ್ತೋದು ತೊಡೆ, ಬೆನ್ನಲ್ಲ. ಗಟ್ಟಿ ನೆಲದ ಮೇಲೆ ದೊಡ್ಡ ಗಾಡಿಯನ್ನೂ ಎತ್ತಿದೆ. ಆದರೆ ಬಿಸಿಲಲ್ಲಿ, ಜಾರುವ ಮಣ್ಣಿನಲ್ಲಿ ಮತ್ತೆ ಮತ್ತೆ ಎತ್ತುವಾಗ ಪ್ರತಿ ಹತ್ತು ಕೆಜಿಗೂ ಏನು ವ್ಯತ್ಯಾಸ ಅಂತ ಕಾಲುಗಳೇ ಹೇಳಿದವು. ಅವತ್ತೇ ನನ್ನ ಮಟ್ಟಿಗೆ ಒಂದು ಗೆರೆ ಎಳೆದೆ. ಒಬ್ಬರೇ ಇದ್ದಾಗ, ಸುಸ್ತಾಗಿದ್ದಾಗ, ಕೆಸರಲ್ಲಿ ಬಿದ್ದ ಗಾಡಿಯನ್ನು ಎತ್ತಲು ಆಗಬೇಕು. ಆಗದ ಗಾಡಿ ಎಷ್ಟೇ ಚೆನ್ನಾಗಿರಲಿ, ನನಗೆ ಬೇಡ.

ಈ ಗೆರೆ ಎಳೆದ ಕೂಡಲೇ ಪಟ್ಟಿ ಸಣ್ಣದಾಯಿತು. ಹಿಮಾಲಯನ್ 450 ಪೆಟ್ರೋಲ್ ತುಂಬಿದಾಗ 196 ಕೆಜಿ. ಅದು ಹೊರಗೆ. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 167 ಕೆಜಿ, 249 ಸಿಸಿ, ಹೈವೇಗೂ ಸಿಟಿಗೂ ಬಹಳ ಹಿತವಾದ ಗಾಡಿ. ಆದರೆ ಅದರ ಮುಂದಿನ ಚಕ್ರ 19 ಇಂಚು, ಹಿಂದಿನದು 17, ಎರಡೂ ಅಲಾಯ್. ನನ್ನ ಊರಿನ ದಾರಿಗೆ ಕಡ್ಡಿಗಳಿರುವ ಸ್ಪೋಕ್ ಚಕ್ರವೇ ಬೇಕಿತ್ತು. ಕೆಟಿಎಂ 390 ಎಂಡ್ಯೂರೋ ಆರ್ ನೋಡಿದಾಗ ಮನಸ್ಸು ಹಾರಿದ್ದು ನಿಜ. 46 ಪಿಎಸ್. ಆದರೆ ಸೀಟ್ ಎತ್ತರ 860 ಮಿ.ಮೀ., ಟ್ಯಾಂಕು 9 ಲೀಟರ್. ಜೊತೆಗೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿತ್ತು, ಅದಕ್ಕಿಂತ ದೊಡ್ಡದಕ್ಕೆ ಶೇ 40 ಆಗಿತ್ತು. ಅದರ ಮೇಲೆ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಬೇರೆ. ಚಿಕ್ಕ ಗಾಡಿ ಕೊಳ್ಳಲು ಸರ್ಕಾರವೇ ಹೇಳಿದ ಹಾಗಿತ್ತು.

ಉಳಿದದ್ದು ಮೂರು. ಕವಾಸಕಿ ಕೆಎಲ್‌ಎಕ್ಸ್ 230, ಹೀರೋ ಎಕ್ಸ್‌ಪಲ್ಸ್ 210, ಹಳೆಯ ಎಕ್ಸ್‌ಪಲ್ಸ್ 200 4ವಿ.

ಇಲ್ಲಿ ಸೀಟ್ ಎತ್ತರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ಎತ್ತರ ಐದು ಅಡಿ ಐದು ಇಂಚು. ಬೈಕ್ ಆಯ್ಕೆಯಲ್ಲಿ ನನ್ನಂಥವರು ಅತಿ ಹೆಚ್ಚು ಯೋಚಿಸಬೇಕಾದ್ದು ಇದನ್ನೇ. ಪುಸ್ತಕದಲ್ಲಿ ಬರೆದ ಮಿಲಿಮೀಟರ್ ಪೂರ್ತಿ ಕತೆ ಹೇಳುವುದಿಲ್ಲ. ಸೀಟು ಅಗಲ ಇದ್ದರೆ ಕಾಲು ಹೊರಕ್ಕೆ ಚಾಚಬೇಕು, ಆಗ 800 ಮಿ.ಮೀ. ಕೂಡ ಎತ್ತರ ಅನ್ನಿಸುತ್ತದೆ. ಸೀಟು ಟ್ಯಾಂಕಿನ ಹತ್ತಿರ ಸಣ್ಣಗಿದ್ದರೆ 825 ಕೂಡ ಸಲೀಸು. ಇನ್ನೊಂದು, ಕೂತ ಕೂಡಲೇ ಸಸ್ಪೆನ್ಶನ್ ನಮ್ಮ ತೂಕಕ್ಕೆ ಎಷ್ಟು ಕೆಳಗೆ ಇಳಿಯುತ್ತದೆ ಅನ್ನೋದು. ಉದ್ದನೆಯ, ಮೆತ್ತನೆಯ ಸಸ್ಪೆನ್ಶನ್ ಇರುವ ಗಾಡಿ ಕೂತಾಗ ಚೆನ್ನಾಗಿ ಇಳಿಯುತ್ತದೆ. ಕೆಎಲ್‌ಎಕ್ಸ್‌ನ ಸೀಟು 880 ಮಿ.ಮೀ. ಅಂತ ಓದಿ ಹೆದರಿದ್ದೆ. ಕೂತಾಗ ಅಷ್ಟೇನೂ ಕಷ್ಟ ಅನ್ನಿಸಲಿಲ್ಲ. ಬರೀ 139 ಕೆಜಿ ಇರುವುದರಿಂದ ಒಂದು ಕಾಲಿನ ತುದಿಯಲ್ಲಿ ನಿಂತರೂ ಗಾಡಿ ಹಿಡಿತದಲ್ಲೇ ಇರುತ್ತದೆ.

ಆದರೆ ಶೋರೂಮಿನ ಟೈಲ್ಸ್ ನೆಲ ಬೇರೆ, ದಾರಿ ಬೇರೆ. ಇಳಿಜಾರಿಗೆ ಅಡ್ಡ ನಿಂತಾಗ ಒಂದು ಕಡೆಯ ನೆಲ ಅರ್ಧ ಅಡಿ ಕೆಳಗಿರುತ್ತದೆ. ಆ ಕಡೆ ಕಾಲಿಟ್ಟರೆ ಮುಗಿಯಿತು, ಗಾಡಿ ವಾಲುತ್ತದೆ. ಸಿಟಿಯಲ್ಲೂ ಇದೇ ಕತೆ. ಡಾಂಬರಿನ ಅಂಚು ಎಲ್ಲೋ ಇರುತ್ತದೆ, ಪಕ್ಕದ ಮಣ್ಣು ಎಲ್ಲೋ ಇರುತ್ತದೆ. ಬಿಎಂಟಿಸಿ ಬಸ್ಸಿನ ಪಕ್ಕ ನಿಂತಾಗ ಕಾಲು ಸಿಗದೇ ಹೋದರೆ ಅದು ಸಣ್ಣ ವಿಷಯ ಅಲ್ಲ. ಹಾಗಾಗಿ ನಾನು ಪ್ರತಿ ಶೋರೂಮಿಗೂ ಓಡಿಸುವಾಗ ಹಾಕುವ ಬೂಟು ಹಾಕಿಕೊಂಡೇ ಹೋದೆ. ಕೂತ ಮೇಲೆ ನೋಡಿದ್ದು ಒಂದೇ. ಬಲಗಾಲು ಬ್ರೇಕಿನ ಮೇಲೆ ಇದ್ದಾಗ ಎಡಗಾಲಿನ ಅರ್ಧ ಪಾದವಾದರೂ ಗಟ್ಟಿಯಾಗಿ ನೆಲಕ್ಕೆ ಊರುತ್ತದಾ? ಎರಡೂ ಕಾಲು ಪೂರ್ತಿ ಊರಬೇಕು ಅಂತ ಹಟ ಹಿಡಿದರೆ ಇಂಥ ಗಾಡಿ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ.

ಹಿಂದಿನ ಸಸ್ಪೆನ್ಶನ್ನಿಗೆ ಹಾಕಿ ಗಾಡಿಯನ್ನು ತಗ್ಗಿಸುವ ಲಿಂಕ್ ಸಿಗುತ್ತವೆ, ಹಾಕಿಸಿಕೊಳ್ಳಿ ಅಂತ ಹಲವರು ಹೇಳಿದರು. ನನಗೆ ಅದು ಸರಿ ಕಾಣಲಿಲ್ಲ. ತಗ್ಗಿಸಿದರೆ ಹೊಟ್ಟೆಯೂ ನೆಲಕ್ಕೆ ಹತ್ತಿರವಾಗುತ್ತದೆ. ಎತ್ತರಕ್ಕೇ ಅಲ್ವಾ ಈ ಗಾಡಿ ತಗೊಳ್ಳೋದು? ಸೀಟಿನ ಫೋಮ್ ಸ್ವಲ್ಪ ಕೆತ್ತಿಸುವುದು ಅದಕ್ಕಿಂತ ಉತ್ತಮ ದಾರಿ.

ಟೆಸ್ಟ್ ರೈಡ್ ವಿಷಯಕ್ಕೆ ಬಂದರೆ, ಒಂದು ಶೋರೂಮಿನಲ್ಲಿ ಬ್ಲಾಕಿನ ಸುತ್ತ ಒಂದು ರೌಂಡು ಅಷ್ಟೇ ಅಂದರು. ಹಿಂದೆ ಒಬ್ಬ ಹುಡುಗ ಕೂತು "ಸಾಕು, ಸಾಕು" ಅನ್ನುತ್ತಿದ್ದ. ಅಂಥ ರೌಂಡಿನಲ್ಲಿ ಏನೂ ಗೊತ್ತಾಗುವುದಿಲ್ಲ. ಬೇರೆ ಕಡೆ ಮೊದಲೇ ಫೋನ್ ಮಾಡಿ, ಬೆಳಗ್ಗೆ ಬೇಗ ಹೋಗಿ, ಅರ್ಧ ಗಂಟೆ ಕೇಳಿ ತೆಗೆದುಕೊಂಡೆ. ನಾನು ವೇಗವಾಗಿ ಓಡಿಸಿ ನೋಡಲಿಲ್ಲ. ಬೇಕಾಗಿದ್ದು ನಿಧಾನದ ಪರೀಕ್ಷೆ. ಒಂದನೇ ಗೇರಿನಲ್ಲಿ, ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಕೊಡದೆ ಎಷ್ಟು ನಿಧಾನಕ್ಕೆ ಹೋಗುತ್ತದೆ, ಜರ್ಕ್ ಹೊಡೆಯುತ್ತದಾ? ಹ್ಯಾಂಡಲ್ ಪೂರ್ತಿ ತಿರುಗಿಸಿ ಸಣ್ಣ ರಸ್ತೆಯಲ್ಲಿ ಯು-ಟರ್ನ್ ಆಗುತ್ತದಾ? ಫುಟ್‌ಪೆಗ್ ಮೇಲೆ ಎದ್ದು ನಿಂತರೆ ಬೆನ್ನು ಬಾಗದೆ ಹ್ಯಾಂಡಲ್ ಸಿಗುತ್ತದಾ? ಟ್ರಾಫಿಕ್ಕಿನಲ್ಲಿ ಕ್ಲಚ್ ಎಷ್ಟು ಹಗುರ? ಕೊನೆಯದಂತೂ ಬಹಳ ಮುಖ್ಯ. ಸಂಜೆ ಆರೂವರೆಗೆ ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಟವರಿಗೆ ಎಡಗೈ ಬೆರಳುಗಳ ಕಷ್ಟ ಗೊತ್ತು. ತೋಟದ ಏರಿನಲ್ಲೂ ಇಡೀ ಹೊತ್ತು ಹಾಫ್ ಕ್ಲಚ್ಚಿನಲ್ಲೇ ಇರುತ್ತೇವೆ. ಸಿಟಿಯೂ ಟ್ರೇಲೂ (ಮಣ್ಣುದಾರಿ) ಒಂದೇ ಥರ ಅನ್ನಿಸುವ ಜಾಗ ಇದೊಂದು. ಎರಡಕ್ಕೂ ಕೆಳಗಿನ ಗೇರಿನಲ್ಲಿ ನಯವಾಗಿ ಎಳೆಯುವ ಇಂಜಿನ್ ಬೇಕು, ಮೆತ್ತನೆ ಕ್ಲಚ್ ಬೇಕು, ಚೆನ್ನಾಗಿ ತಿರುಗುವ ಹ್ಯಾಂಡಲ್ ಬೇಕು.

ಕೆಎಲ್‌ಎಕ್ಸ್ ಮೂರರಲ್ಲಿ ಅತಿ ಹಗುರ, ಟ್ರೇಲಿಗೆ ಅತಿ ಯೋಗ್ಯ. ಆದರೆ ಟ್ಯಾಂಕು 7.6 ಲೀಟರ್. ಊರಿಗೆ ಹೋಗುವಾಗ ದಾರಿಯಲ್ಲಿ ಬಂಕ್ ಸಿಗುತ್ತವೆ ಅನ್ನೋಣ. ಹಿಂದೆ ಅಮ್ಮನನ್ನು ಕೂರಿಸಿಕೊಂಡು ಹೋಗಲು ಆ ಎತ್ತರ ಆಗುವುದಿಲ್ಲ. ಸಕಲೇಶಪುರದಲ್ಲಿ ಕ್ಲಚ್ ಲಿವರ್ ಮುರಿದರೆ ಅದೇ ದಿನ ಸಿಗಬೇಕು ಅನ್ನೋದೂ ನನ್ನ ಲೆಕ್ಕದಲ್ಲಿತ್ತು. ಎಕ್ಸ್‌ಪಲ್ಸ್ 210 ಬಹಳ ಹತ್ತಿರಕ್ಕೆ ಬಂತು. ಲಿಕ್ವಿಡ್ ಕೂಲ್ಡ್, ಆರು ಗೇರು, 24 ಪಿಎಸ್‌ಗಿಂತ ಸ್ವಲ್ಪ ಜಾಸ್ತಿ, ಮುಂದೆ 210 ಹಿಂದೆ 205 ಮಿ.ಮೀ. ಸಸ್ಪೆನ್ಶನ್. ಹೈವೇಯಲ್ಲಿ 200ಕ್ಕಿಂತ ಎಷ್ಟೋ ನೆಮ್ಮದಿ. ತೂಕ 170 ಕೆಜಿ ಹತ್ತಿರ. ಹೊಸದೇ ಬೇಕು ಅನ್ನುವವರಿಗೆ ಇವತ್ತು ನಾನು ಇದನ್ನೇ ಹೇಳುತ್ತೇನೆ.

ನಾನು ಆರಿಸಿದ್ದು 200 4ವಿ, ಸೆಕೆಂಡ್ ಹ್ಯಾಂಡ್, 2023ರ ಮಾಡೆಲ್. 199.6 ಸಿಸಿ, 19.1 ಪಿಎಸ್, ತೂಕ ಸುಮಾರು 159 ಕೆಜಿ, ಸೀಟು 825 ಮಿ.ಮೀ., ನೆಲದಿಂದ ಹೊಟ್ಟೆಗೆ 220 ಮಿ.ಮೀ., 13 ಲೀಟರ್ ಟ್ಯಾಂಕು. ಮುಂದೆ 21 ಇಂಚು, ಹಿಂದೆ 18 ಇಂಚಿನ ಸ್ಪೋಕ್ ಚಕ್ರ. ಗಾಳಿಯಲ್ಲೇ ತಣ್ಣಗಾಗುವ ಇಂಜಿನ್ನು, ಜೊತೆಗೆ ಆಯಿಲ್ ಕೂಲರ್. ರೇಡಿಯೇಟರ್ ಇಲ್ಲದ್ದರಿಂದ ಕಲ್ಲಿಗೆ ಬಿದ್ದು ಒಡೆಯುವುದು ಒಂದು ಕಡಿಮೆ. ಹೊಸದರ ಬೆಲೆಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆಗೆ ಸಿಕ್ಕಿತು. ಮಣ್ಣುದಾರಿಯಲ್ಲಿ ಬಿದ್ದು ಕಲಿಯಬೇಕಾದ ಗಾಡಿಗೆ ಮೊದಲ ಗೀರು ಬೇರೆಯವರೇ ಹಾಕಿಟ್ಟಿರೋದು ಒಳ್ಳೆಯದೇ. ಮನಸ್ಸು ನಿರಾಳವಾಗಿರುತ್ತದೆ.

2023ರ ಮಾಡೆಲ್ಲೇ ಬೇಕು ಅಂತ ಕಾದಿದ್ದಕ್ಕೆ ಕಾರಣ ಇತ್ತು. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ರಬ್ಬರು, ಪೈಪುಗಳು ಅದಕ್ಕೆ ಒಗ್ಗುವಂತೆ ಇರುತ್ತವೆ. ಆ ವರ್ಷ ಎಬಿಎಸ್‌ಗೂ, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಗೂ, ಮೂರು ಮೋಡ್ ಬಂತು. ರೋಡ್ ಮೋಡಿನಲ್ಲಿ ಪೂರ್ತಿ ಕೆಲಸ ಮಾಡುತ್ತದೆ, ಆಫ್‌ರೋಡಿನಲ್ಲಿ ಕಡಿಮೆ ಮಧ್ಯಪ್ರವೇಶ ಮಾಡುತ್ತದೆ, ರ‍್ಯಾಲಿಯಲ್ಲಿ ಸುಮ್ನೆ ಇರುತ್ತದೆ. ಎಬಿಎಸ್ ಇರೋದು ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನ ಚಕ್ರವನ್ನು ಲಾಕ್ ಮಾಡಿ ಇಳಿಜಾರಿನಲ್ಲಿ ಗಾಡಿ ತಿರುಗಿಸಲು ಇದು ಅನುಕೂಲ. ಮಳೆ ಬಿದ್ದ ಟಾರು ರಸ್ತೆಯಲ್ಲಿ ಮಾತ್ರ ಹಿಂದಿನ ಬ್ರೇಕಿನ ಮೇಲೆ ಕಾಲು ಹಗುರವಾಗಿರಬೇಕು.

ಇಂಥ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ನೋಡುವಾಗ ಬಣ್ಣ, ಸ್ಟಿಕ್ಕರು ನೋಡಬಾರದು. ಮಾರುವವರು ತೊಳೆದು, ಪಾಲಿಶ್ ಹಾಕಿ ನಿಲ್ಲಿಸಿರುತ್ತಾರೆ. ನಾನು ಮೊದಲು ಮಂಡಿಯೂರಿ ಕೂತು ಇಂಜಿನ್ ಕೆಳಗಿನ ಬ್ಯಾಶ್ ಪ್ಲೇಟ್ ನೋಡಿದೆ. ಗೀರು ಇರಲಿ, ಪರವಾಗಿಲ್ಲ, ಅದರ ಕೆಲಸವೇ ಅದು. ಗುಳಿ ಬಿದ್ದಿದ್ದರೆ ಮಾತ್ರ ಹಿಂದಿರುವ ಇಂಜಿನ್ ಕೇಸನ್ನು ಟಾರ್ಚ್ ಹಾಕಿ ನೋಡಬೇಕು. ಆಮೇಲೆ ಚಕ್ರ. ಒಂದು ಸಣ್ಣ ಸ್ಪ್ಯಾನರ್ ತೆಗೆದುಕೊಂಡು, ಸಂತೆಯಲ್ಲಿ ಮಡಕೆ ತಟ್ಟಿ ನೋಡುವ ಹಾಗೆ, ಪ್ರತಿ ಸ್ಪೋಕನ್ನೂ ತಟ್ಟಿದೆ. ಬಿಗಿಯಾಗಿದ್ದದ್ದು ಟಿಣ್ ಅನ್ನುತ್ತದೆ. ಸಡಿಲವಾಗಿದ್ದದ್ದು ಮಂಕಾಗಿ ದಬ್ ಅನ್ನುತ್ತದೆ. ಹಿಂದಿನ ಚಕ್ರದಲ್ಲಿ ಅಕ್ಕಪಕ್ಕದ ಎರಡು ದಬ್ ಅಂದವು. ರಿಮ್ಮಿನ ಅದೇ ಜಾಗದಲ್ಲಿ ಬೆರಳು ಓಡಿಸಿದಾಗ ಅಂಚು ಒಳಕ್ಕೆ ಸ್ವಲ್ಪ ಮಡಚಿತ್ತು. ಯಾವುದೋ ಕಲ್ಲಿಗೆ ಜೋರಾಗಿ ಹೊಡೆದಿದ್ದಾರೆ ಅಂತ ಅರ್ಥ. ಚಕ್ರ ತಿರುಗಿಸಿ ನೋಡಿದರೆ ಅಂಥಾ ಓಲಾಟ ಇರಲಿಲ್ಲ. ಬೆಲೆ ಇಳಿಸಲು ಅಷ್ಟು ಸಾಕಾಯಿತು, ಆಮೇಲೆ ಸ್ಪೋಕ್ ಬಿಗಿ ಮಾಡಿಸಿಕೊಂಡೆ.

ಮುಂದಿನ ಫೋರ್ಕಿನ ಹೊಳೆಯುವ ಪೈಪಿನ ಮೇಲೆ ಹೆಬ್ಬೆರಳು ಸವರಬೇಕು. ಎಣ್ಣೆ ಜಿಡ್ಡು ಹತ್ತಿದರೆ ಸೀಲು ಹೋಗಿದೆ. ಗಾಡಿಯನ್ನು ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಮುಂದಿನ ಚಕ್ರ ನೆಲ ಬಿಡುವಂತೆ ಒಬ್ಬರು ಹಿಡಿದರೆ, ಇನ್ನೊಬ್ಬರು ಹ್ಯಾಂಡಲನ್ನು ಮೆಲ್ಲಗೆ ಎಡದಿಂದ ಬಲಕ್ಕೆ ತಿರುಗಿಸಬೇಕು. ನಟ್ಟನಡುವೆ ಕಟಕ್ ಅಂತ ನಿಂತ ಹಾಗಾದರೆ ಬೇರಿಂಗ್ ಸವೆದಿದೆ. ಹಿಂದಿನ ಚಕ್ರ ಹಿಡಿದು ಅಡ್ಡ ಅಲ್ಲಾಡಿಸಿದಾಗ ಅದನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಆಡಬಾರದು. ಚೈನಿನ ಬಿಗಿ, ಸ್ಪ್ರಾಕೆಟ್ ಹಲ್ಲು, ಕ್ಲಚ್ ಜಾರುತ್ತದಾ, ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದಾ, ಇಷ್ಟು ಸಾಕು. ಗಾಡಿ ನೋಡಲು ಬರುತ್ತೇನೆ, ಅಲ್ಲಿಯವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿದ್ದೆ.

ಕಾಗದ ಪತ್ರದ ಕೆಲಸ ಸುಲಭವಾಗಿ ಮುಗಿಯಿತು. ಗಾಡಿ ನನ್ನ ಹೆಸರಿಗೆ ಮಾಡಿಸಲು ಫಾರ್ಮ್ 29, ಫಾರ್ಮ್ 30, ಸಾಲ ತೀರಿಸಿದ್ದಕ್ಕೆ ಬ್ಯಾಂಕಿನ ಫಾರ್ಮ್ 35. ಹಳೆಯ ಟ್ರಾಫಿಕ್ ದಂಡ ಬಾಕಿ ಇದೆಯಾ ಅಂತ ಮೊದಲೇ ನೋಡಿದೆ. ಇನ್ಶೂರೆನ್ಸ್ ಹೆಸರನ್ನೂ 14 ದಿನದೊಳಗೆ ಬದಲಿಸಿಕೊಳ್ಳಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಉಳಿದ ದುಡ್ಡಿನಲ್ಲಿ ಒಳ್ಳೇ ಬೂಟು, ಮಂಡಿ ಗಾರ್ಡು, ಎದೆ-ಬೆನ್ನಿಗೆ ಆರ್ಮರ್ ಕೊಂಡೆ. ಗಾಡಿಗೆ ಹಾಕಿಸಿದ್ದು ಗಟ್ಟಿ ನಕಲ್ ಗಾರ್ಡ್ ಒಂದೇ. ಪಕ್ಕಕ್ಕೆ ಬಿದ್ದಾಗ ಲಿವರ್ ಉಳಿಯುತ್ತದೆ, ಕಾಫಿ ಗಿಡದ ರೆಂಬೆ ಬೆರಳಿಗೆ ಬಡಿಯುವುದಿಲ್ಲ.

ಸಿಟಿಯಲ್ಲಿ ಈ ಗಾಡಿ ಎಷ್ಟು ಹಿತ ಅನ್ನೋದನ್ನು ಓಡಿಸಿಯೇ ನೋಡಬೇಕು. ಬನ್ನೇರುಘಟ್ಟ ರಸ್ತೆಯಲ್ಲಿ ವರ್ಷಗಟ್ಟಲೆ ನಡೆದ ಮೆಟ್ರೋ ಕಾಮಗಾರಿ, ಬೇಗೂರಿನ ಗುಂಡಿಗಳು, ಬಡಾವಣೆಗೊಂದರಂತೆ ಬಣ್ಣ ಬಳಿಯದ ಹಂಪು. ಮೊದಲಿದ್ದ ಬೈಕಿನಲ್ಲಿ ಮನೆಗೆ ಬಂದಾಗ ಸೊಂಟ ಹಿಡಿದಿರುತ್ತಿತ್ತು. ಈಗ ಗುಂಡಿ ಕಂಡರೆ ಸ್ವಲ್ಪ ಎದ್ದು ನಿಂತರೆ ಆಯಿತು, ಗಾಡಿ ನುಂಗಿಕೊಂಡು ಹೋಗುತ್ತದೆ. ದೊಡ್ಡ ಚಕ್ರ ಗುಂಡಿಯೊಳಕ್ಕೆ ಪೂರ್ತಿ ಇಳಿಯುವುದಿಲ್ಲ, ಕಲ್ಲಿನ ಅಂಚನ್ನು ಓರೆಯಾಗಿ ಹತ್ತುತ್ತದೆ. ಎತ್ತರ ಕೂತಿರುವುದರಿಂದ ಎರಡು ಕಾರಿನ ಆಚೆಯ ಬ್ರೇಕ್ ಲೈಟು ಕಾಣುತ್ತದೆ. ಲೀಟರಿಗೆ 35ರಿಂದ 40 ಕೊಡುತ್ತದೆ. ಅನನುಕೂಲವೂ ಇದೆ. ಅಗಲದ ಹ್ಯಾಂಡಲ್ಲು ಕಾರುಗಳ ಸಂದಿಯಲ್ಲಿ ತೂರುವುದಿಲ್ಲ, ಕಾಯಬೇಕು. ಹೈವೇಯಲ್ಲಿ 80-85ರ ಆಚೆ ಇಂಜಿನ್ನು ಶ್ರಮ ಪಡುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ. ಹಾಸನಕ್ಕೆ ಅರ್ಧ ಗಂಟೆ ತಡವಾಗಿ ಸೇರುತ್ತೇನೆ, ಅಷ್ಟೇ. ಹಿಂದೆ ಹತ್ತಿ ಕೂರಲು ಅಮ್ಮನಿಗೆ ಕಟ್ಟೆ ಬೇಕು.

ಟ್ಯೂಬಿನ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಸ್ಪೋಕ್ ಚಕ್ರಕ್ಕೆ ಟ್ಯೂಬ್ ಇರುತ್ತದೆ. ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ. ಇದಕ್ಕೆ ಚಕ್ರವನ್ನೇ ಬಿಚ್ಚಬೇಕು. ಅದನ್ನು ನಾವೇ ಕಲಿತಿರಲೇಬೇಕು. ನಮ್ಮ ಮನೆ ಅಂಗಳದಲ್ಲಿ, ಟೈರ್ ಲಿವರ್ ಹಿಡಿದು, ಒಂದು ಮಧ್ಯಾಹ್ನವಿಡೀ ಕೂತು ಕಲಿತೆ. ಅಂಚನ್ನು ರಿಮ್ಮಿನ ನಡುಗುಳಿಗೆ ಒತ್ತಿ ತಳ್ಳಿದರೆ ಮಾತ್ರ ಎದುರಿನ ಬದಿ ಸಡಿಲವಾಗುತ್ತದೆ. ಇದು ಗೊತ್ತಾದ ಮೇಲೆ ಬಲ ಬೇಕಾಗಲಿಲ್ಲ. ಬ್ಯಾಗಿನಲ್ಲಿ 21 ಇಂಚಿನ ಒಂದೇ ಟ್ಯೂಬ್ ಇಟ್ಟುಕೊಳ್ಳುತ್ತೇನೆ. ತುರ್ತಿಗೆ ಅದನ್ನೇ ಹಿಂದಿನ 18 ಇಂಚಿಗೂ ಹಾಕಿ ಊರು ಸೇರಬಹುದು. ಮಣ್ಣುದಾರಿಗೆ ಗಾಳಿಯನ್ನು 20 ಪಿಎಸ್‌ಐ ಹತ್ತಿರಕ್ಕೆ ಇಳಿಸುತ್ತೇನೆ. ಹಿಡಿತ ಎಷ್ಟೋ ಜಾಸ್ತಿ ಬರುತ್ತದೆ. ಅದಕ್ಕಿಂತ ಕೆಳಗೆ ಹೋದರೆ ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಕಚ್ಚುತ್ತದೆ. ಟಾರು ರಸ್ತೆಗೆ ಮರಳುವ ಮುಂಚೆ ಸಣ್ಣ ಪಂಪಿನಿಂದ ಮತ್ತೆ ತುಂಬಬೇಕು.

ಇನ್ನು ಎಲ್ಲಿ ಓಡಿಸೋದು ಅನ್ನೋ ಪ್ರಶ್ನೆ. ಇದರ ಬಗ್ಗೆ ನನಗೆ ಬಹಳ ಕಾಳಜಿ ಇದೆ. ಕಾಲುದಾರಿ ಕಂಡಲ್ಲೆಲ್ಲ ನುಗ್ಗುವವರಿಂದ ಎಲ್ಲರ ಹೆಸರೂ ಕೆಡುತ್ತದೆ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಗಾಡಿ ಒಯ್ಯುವುದು ಅಪರಾಧ. ಬೆಂಗಳೂರಿನ ಸುತ್ತಲಿನ ಬೆಟ್ಟಗಳಲ್ಲಿ ಎಷ್ಟೋ ಅರಣ್ಯ ಇಲಾಖೆಗೆ ಸೇರಿವೆ. ನಾನು ಹೊರಡುವ ಮೊದಲು ದಿಶಾಂಕ್ ಆ್ಯಪ್ ತೆರೆಯುತ್ತೇನೆ. ಸರ್ವೆ ನಂಬರ್ ಸಿಗುತ್ತದೆ, ಜಮೀನು ಸರ್ಕಾರದ್ದಾ, ಖಾಸಗಿಯಾ ಅಂತ ಗೊತ್ತಾಗುತ್ತದೆ. ನಕಾಶೆಯಲ್ಲಿ ಬಂಡಿದಾರಿ ಇದ್ದರೆ ಅದು ಎಲ್ಲರದ್ದು. ಮಾಗಡಿ, ಕನಕಪುರ ಕಡೆ ಇಂಥ ದಾರಿಗಳು, ಕೆರೆ ಏರಿಗಳು ಬೇಕಾದಷ್ಟಿವೆ. ರಾಗಿ ಒಕ್ಕಣೆ ಸಮಯದಲ್ಲಿ ರಸ್ತೆ ಮೇಲೆ ತೆನೆ ಹರಡಿದ್ದರೆ ಇಳಿದು ತಳ್ಳಿಕೊಂಡು ಹೋಗುತ್ತೇನೆ. ಕುರಿ ಮಂದೆ ಎದುರಾದರೆ ಇಂಜಿನ್ ಆಫ್. ಸೈಲೆನ್ಸರ್ ಕಂಪನಿಯದ್ದೇ ಇದೆ, ಹಾಗೇ ಇರುತ್ತದೆ. ಸದ್ದಿಲ್ಲದೆ ಹೋದರೆ ಹಳ್ಳಿಯವರು ತಾವಾಗಿಯೇ ಮಾತಾಡಿಸಿ, ಮುಂದೆ ಹಳ್ಳದಲ್ಲಿ ನೀರು ಎಷ್ಟಿದೆ, ಯಾವ ಕಡೆ ದಾಟಬೇಕು ಅಂತ ಹೇಳಿಕೊಡುತ್ತಾರೆ.

ಊರಿನ ತೋಟದ ದಾರಿಯಲ್ಲಿ ಮಾತ್ರ ಇನ್ನೂ ಒಂದು ಕೆಲಸ ಬಾಕಿ ಇದೆ. ಗಾಡಿಯ ಜೊತೆ ಬಂದ ಟೈರು ಬಯಲುಸೀಮೆಯ ಕೆಂಪು ಮಣ್ಣಿಗೆ, ಮರಳಿಗೆ ಸಾಕು. ಸಕಲೇಶಪುರದ ಅಂಟುಮಣ್ಣಿನಲ್ಲಿ ಅದರ ಗೆರೆಗಳು ಒಂದೇ ಸುತ್ತಿಗೆ ತುಂಬಿಕೊಳ್ಳುತ್ತವೆ. ಹಿಂದಕ್ಕೆ ದೊಡ್ಡ ಗುಬಟಿನ ನಾಬಿ ಟೈರ್ ಹಾಕಿದರೆ ಏರು ಹತ್ತುತ್ತದೆ, ಆದರೆ ಅದೇ ಟೈರು ಬೇಗೂರು ರಸ್ತೆಯಲ್ಲಿ ಬೇಗ ಸವೆಯುತ್ತದೆ, ಒದ್ದೆ ಡಾಂಬರಿನಲ್ಲಿ ಹಿಡಿತವೂ ಕಡಿಮೆ. ಸದ್ಯಕ್ಕೆ ನಡುವಿನ ದಾರಿ ಹಿಡಿಯೋದು ಅಂತ ತೀರ್ಮಾನಿಸಿದ್ದೇನೆ. ಮುಂದಕ್ಕೆ ನಾಬಿ, ಹಿಂದಕ್ಕೆ ಅರ್ಧ ರೋಡು ಅರ್ಧ ಮಣ್ಣಿಗೆ ಆಗುವಂಥದ್ದು. ಮಣ್ಣಿನಲ್ಲಿ ಹಿಂದಿನ ಚಕ್ರ ಜಾರಿದರೆ ಸರಿಪಡಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬೀಳೋದೇ. ಜೂನ್ ಮಳೆ ಹಿಡಿಯುವ ಮೊದಲು ಹಾಕಿಸಿ, ಒಂದಷ್ಟು ದಿನ ಆಫೀಸಿಗೆ ಓಡಿಸಿ ಪಳಗಿಸಿಕೊಂಡು, ಆಮೇಲೆ ಹೆತ್ತೂರಿಗೆ ಹೋಗಬೇಕು ಅಂದುಕೊಂಡಿದ್ದೇನೆ.